ತುಳಸಿ ಕಡ್ಡಿಯ ಕಾಡು, ಲಗ್ನಪತ್ರಿಕೆಯ ಸ್ಟೇಷನ್

ಅಕ್ಕನ ಮಗ ಜರ್ಮನಿಯಿಂದ ಬರುವಾಗ ಮನೆಯವರಿಗೆಲ್ಲ ಚಾಕೊಲೇಟ್ ತಂದಿದ್ದ. ನನಗೆ ಶುಗರ್ ಇದೆ. ಹಾಗಾಗಿ ನನಗೊಬ್ಬನಿಗೆ ರೈಲು ತಂದಿದ್ದ.

ಕೆಂಪು ಇಂಜಿನ್, ಮೂರು ಬೋಗಿ, ಒಂದು ಸುತ್ತು ಬರುವಷ್ಟು ಹಳಿ, ವೇಗ ಹೆಚ್ಚುಕಮ್ಮಿ ಮಾಡೋಕೆ ಒಂದು ತಿರುಗಣೆ. ಅವತ್ತು ರಾತ್ರಿ ಊಟದ ಮೇಜಿನ ಮೇಲೇ ಜೋಡಿಸಿದೆವು. ರೈಲು ಸಾರಿನ ಪಾತ್ರೆಗೆ ಪ್ರದಕ್ಷಿಣೆ ಹಾಕಿತು. ಉಪ್ಪಿನಕಾಯಿ ಜಾಡಿಯ ಹಿಂದೆ ಮರೆಯಾಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಜಾಡಿಯ ಆ ಕಡೆಯಿಂದ ಮೂಗು ತೋರಿಸಿತು. ನಾನು ಚಪ್ಪಾಳೆ ತಟ್ಟಿದೆ ಅಂತ ಮಗಳು ಈಗಲೂ ಹೇಳುತ್ತಾಳೆ. ಐವತ್ತೆರಡು ವರ್ಷದವನು ಚಪ್ಪಾಳೆ ತಟ್ಟಿರಲಾರೆ ಅನ್ನೋದು ನನ್ನ ವಾದ.

ಆದರೆ ಒಂದು ವಿಷಯ ಅವತ್ತೇ ಗೊತ್ತಾಯಿತು. ರೈಲು ಓಡುವುದರಲ್ಲಿ ಅಂಥ ಮಜಾ ಇಲ್ಲ. ಅದು ಎಲ್ಲೋ ಮರೆಯಾಗಿ ಮತ್ತೆ ಕಾಣಿಸಬೇಕು. ಹಾಗೆ ಮರೆಯಾಗಬೇಕಾದರೆ ಗುಡ್ಡ ಬೇಕು, ಕಾಡು ಬೇಕು, ಸುರಂಗ ಬೇಕು. ಉಪ್ಪಿನಕಾಯಿ ಜಾಡಿಯನ್ನು ಎಷ್ಟು ದಿನ ಗುಡ್ಡ ಅಂದುಕೊಳ್ಳೋಕೆ ಆಗುತ್ತೆ?

ಯಾವ ಘಟ್ಟ ಅನ್ನುವ ಪ್ರಶ್ನೆಯೇ ಬರಲಿಲ್ಲ. ಚಿಕ್ಕಂದಿನಲ್ಲಿ, 1980ರ ದಶಕದಲ್ಲಿ, ಅಪ್ಪನ ಜೊತೆ ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ರೈಲಿನಲ್ಲಿ ಹೋಗುತ್ತಿದ್ದೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ಬರುವ ತನಕ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಸುರಂಗ ಎಣಿಸುವುದೇ ನಮ್ಮ ಆಟ. ಒಂದು ಸಲವೂ ಲೆಕ್ಕ 57ಕ್ಕೆ ಸರಿಯಾಗಿ ಬರಲಿಲ್ಲ. ಒಮ್ಮೆ 54, ಇನ್ನೊಮ್ಮೆ 59. ನೀವು ಚಪಾತಿ ಪೊಟ್ಟಣ ಬಿಚ್ಚುವಾಗ ಮೂರು ತಪ್ಪಿಹೋಯಿತು ಅಂತ ನಾನು. ನೀನು ಕಣ್ಣು ಮುಚ್ಚಿ ತೆಗೆದಿದ್ದನ್ನೆಲ್ಲ ಸುರಂಗ ಅಂತ ಎಣಿಸಿದ್ದೀಯ ಅಂತ ಅಪ್ಪ. 1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಆ ಲೈನ್ ಮುಚ್ಚಿದರು. ಮತ್ತೆ ಪ್ಯಾಸೆಂಜರ್ ರೈಲು ಬರುವಾಗ 2007ರ ಡಿಸೆಂಬರ್. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಸ್ಟೇಷನ್ ಯಾವುದು ಅನ್ನೋದಕ್ಕೆ ಮಾತ್ರ ತಲೆ ಓಡಿಸಿದೆ. ಎಡಕುಮೇರಿ. ಕಾರಣ ಭಕ್ತಿ ಅಲ್ಲ, ಸೋಮಾರಿತನ. ಎಡಕುಮೇರಿ ಸ್ಟೇಷನ್‌ಗೆ ಊರೇ ಇಲ್ಲ, ಸುತ್ತ ಕಾಡು. ಊರಿಲ್ಲ ಅಂದರೆ ಮನೆ ಕಟ್ಟುವ ಕೆಲಸ ಇಲ್ಲ, ಬೀದಿ ಇಲ್ಲ, ದೇವಸ್ಥಾನ ಇಲ್ಲ, ಬೀದಿ ದೀಪ ಇಲ್ಲ. ಒಂದು ಸ್ಟೇಷನ್ ಕಟ್ಟಿ, ಉಳಿದಿದ್ದಕ್ಕೆಲ್ಲ ಹಸಿರು ಬಳಿದರೆ ಆಯಿತು.

“ಎರಡು ಭಾನುವಾರದ ಕೆಲಸ” ಅಂದೆ.

“ಯಾವ ವರ್ಷದ ಭಾನುವಾರ ರೀ?” ಅಂದಳು ನನ್ನ ಹೆಂಡತಿ.

ಈ ರೈಲಿನ ಅಳತೆಗೆ ಎಚ್‌ಓ ಅನ್ನುತ್ತಾರೆ. ಓ ಅನ್ನುವ ಹಳೇ ಅಳತೆಯ ಅರ್ಧ, ಹಾಫ್ ಓ. ನಿಜವಾದ ವಸ್ತುವಿನ 87ನೇ ಒಂದು ಭಾಗ. ಐದೂವರೆ ಅಡಿ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಇದೇ ಲೆಕ್ಕದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಮಾಡಬೇಕಾದರೆ ಎಷ್ಟು ಜಾಗ ಬೇಕು ಅಂತ ಸುಮ್ನೆ ಗುಣಿಸಿ ನೋಡಿದೆ. 632 ಮೀಟರ್. ಮೈಸೂರಿನ ನಮ್ಮ ಮನೆಯ ಮಹಡಿಯಿಂದ ಹೊರಟು, ಹಾಲಿನ ಬೂತ್ ದಾಟಿ, ಗಣಪತಿ ಗುಡಿ ಬಳಸಿಕೊಂಡು ಬಸ್ ಸ್ಟಾಪ್ ಮುಟ್ಟಬೇಕು. ನನಗೆ ಸಿಕ್ಕಿದ್ದು ಎಂಟಡಿಗೆ ನಾಲ್ಕಡಿಯ ಒಂದು ಪ್ಲೈವುಡ್ ಹಲಗೆ.

ಅದೂ ಇಡಿಯಾಗಿ ಸಿಗಲಿಲ್ಲ. ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಹಲಗೆ ಸಿಕ್ಕಿಹಾಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ಮಹಡಿಯಲ್ಲಿದ್ದ ಮಗಳು ಅವತ್ತು ಟ್ಯೂಷನ್‌ಗೆ ಹೋಗಲಿಲ್ಲ, ಅವಳಿಗೆ ಬೇಜಾರೇನೂ ಆಗಲಿಲ್ಲ. ಕೊನೆಗೆ ಬಡಗಿ ಬಂದು ಅಲ್ಲೇ, ನಿಂತ ಜಾಗದಲ್ಲೇ, ಹಲಗೆಯನ್ನು ಎರಡು ಭಾಗ ಮಾಡಿದ. ಮೇಲೆ ತಂದು ಮತ್ತೆ ಕೂಡಿಸಿದ. ಕೂಡಿಸಿದ ಗೆರೆ ಸರಿಯಾಗಿ ಎಡಕುಮೇರಿ ಪ್ಲಾಟ್‌ಫಾರಂ ಮಧ್ಯೆ ಬಂತು. ಈ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಆ ಘಟ್ಟದ ಏರು 50ಕ್ಕೆ 1. ಅಂದರೆ ಐವತ್ತು ಮೀಟರ್ ಹೋದರೆ ಒಂದು ಮೀಟರ್ ಎತ್ತರ. ನನ್ನ ಎಂಟಡಿಯಲ್ಲಿ ಹಾಗೆ ಏರಿಸಿದರೆ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಐದು ಸೆಂಟಿಮೀಟರ್ ಕೂಡ ಏರುವುದಿಲ್ಲ. ಹಳಿಯನ್ನು ಸೇತುವೆ ಮೇಲೆ ಹಾಯಿಸಿ ಕೆಳಗೆ ಇನ್ನೊಂದು ರೈಲು ಬಿಡಬೇಕಾದರೆ ಏಳೆಂಟು ಸೆಂಟಿಮೀಟರ್ ಬೇಕು. ನಾನು ರೈಲ್ವೆ ಇಂಜಿನಿಯರ್ ಅಲ್ಲ ಅನ್ನುವ ಧೈರ್ಯದಲ್ಲಿ 20ಕ್ಕೆ 1 ಏರಿಸಿದೆ. ಜರ್ಮನ್ ಇಂಜಿನ್ ಅರ್ಧ ಹತ್ತಿ, ನಿಂತಲ್ಲೇ ಚಕ್ರ ತಿರುಗಿಸುತ್ತಾ, ತಪ್ಪೊಪ್ಪಿಕೊಂಡವರ ಥರ ಹಿಂದೆ ಜಾರಿತು. ನಿಜವಾದ ಘಟ್ಟದಲ್ಲಿ ಗೂಡ್ಸ್ ಗಾಡಿಯ ಹಿಂದಿನಿಂದ ತಳ್ಳೋಕೆ ಬೇರೆ ಇಂಜಿನ್ ಹಾಕುತ್ತಾರೆ. ಬ್ಯಾಂಕರ್ ಅಂತ ಅದರ ಹೆಸರು. ನನ್ನ ಹತ್ತಿರ ಇದ್ದ ಬ್ಯಾಂಕರ್ ಅಂದರೆ ತೋರುಬೆರಳು. ಸುತ್ತಿಗೊಮ್ಮೆ ಬೆರಳು ಹಾಕುವುದು ಬೇಡ ಅಂತ ಏರನ್ನೇ ಕಿತ್ತುಹಾಕಿದೆ. ಹಳಿ ಸಮತಟ್ಟಾಗಿರಲಿ, ಗುಡ್ಡವನ್ನೇ ಮೇಲೆಬ್ಬಿಸೋಣ ಅಂದುಕೊಂಡೆ.

ಗುಡ್ಡಕ್ಕೆ ಥರ್ಮೋಕೋಲ್. ಫ್ರಿಜ್ಜು, ಟೀವಿ, ಮಿಕ್ಸಿ ಎಲ್ಲದರ ಡಬ್ಬದೊಳಗಿನ ಥರ್ಮೋಕೋಲನ್ನು ನಾನು ಹತ್ತು ವರ್ಷದಿಂದ ಅಟ್ಟದ ಮೇಲೆ ಕೂಡಿಟ್ಟಿದ್ದೆ. ಯಾಕೆ ಅಂತ ಹೆಂಡತಿ ಕೇಳಿದಾಗೆಲ್ಲ “ಬೇಕಾಗುತ್ತೆ” ಅನ್ನುತ್ತಿದ್ದೆ. ಆ ದಿನ ಬಂದೇಬಿಟ್ಟಿತ್ತು. ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಚಪ್ಪಲಿ ಅಟ್ಟೆಗೆ ಹಚ್ಚುವ ಹಳದಿ ಅಂಟನ್ನು ಧಾರಾಳವಾಗಿ ಸುರಿದೆ. ಗಟ್ಟಿಯಾಗಿ ಹಿಡಿಯಲಿ ಅಂತ.

ಉಪ್ಪು ಹಾಕಿದ ಜಿಗಣೆ ನೋಡಿದ್ದೀರಾ? ನನ್ನ ಗುಡ್ಡ ಹಾಗೇ ಮುದುಡಿಕೊಂಡಿತು. ಆ ಅಂಟಿನಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತೆ ಅನ್ನೋದು ಜಗತ್ತಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು. ಒಳಗಿನಿಂದ ಸಣ್ಣಗೆ ಚುರ್ ಚುರ್ ಸದ್ದು. ಮೇಲೆ ಒಂದು ಗುಂಡಿ ಬಿತ್ತು, ಗುಂಡಿ ಹಳ್ಳವಾಯಿತು, ಹಳ್ಳದೊಳಕ್ಕೆ ಶಿಖರ ಇಳಿದುಹೋಯಿತು. ಹತ್ತು ವರ್ಷದ ಉಳಿತಾಯ ಹತ್ತು ನಿಮಿಷದಲ್ಲಿ ಅಂಟಂಟು ಬೆಲ್ಲದ ಪಾಕದ ಹಾಗಾಯಿತು. 2024ರ ಜುಲೈ ಮಳೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ನಿಜವಾಗಿಯೂ ಗುಡ್ಡ ಕುಸಿದು, ರೈಲುಗಳು ದಿನಗಟ್ಟಲೆ ನಿಂತಿದ್ದು ಮಗಳಿಗೆ ನೆನಪಿತ್ತು.

“ಅಪ್ಪ, ಇಷ್ಟು ರಿಯಲ್ ಆಗಿ ಯಾರೂ ಮಾಡಿರಲ್ಲ” ಅಂದಳು.

ಎರಡನೇ ಗುಡ್ಡವನ್ನು ಫೆವಿಕಾಲ್ ಹಾಕಿ, ಒಂದು ರಾತ್ರಿ ಕಾದು, ಮರ್ಯಾದೆಯಿಂದ ಕಟ್ಟಿದೆ. ಅದರ ಮೇಲೆ ಹಳೇ ಪಂಚೆ, ಬನಿಯನ್ ಚೂರುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಹೊದಿಸಬೇಕು. ಹದ ದೋಸೆ ಹಿಟ್ಟಿನದು. ದೋಸೆ ಹಿಟ್ಟಿನ ಹದಕ್ಕೆ ದೋಸೆ ಹಿಟ್ಟಿನ ಪಾತ್ರೆಯೇ ಸರಿ ಅಂದುಕೊಂಡೆ. ಹೊದಿಸಿದ್ದು ಚೆನ್ನಾಗೇ ಆಯಿತು. ಆಮೇಲೆ ಹೆಂಡತಿ ಬರುವ ಮುಂಚೆ ಪಾತ್ರೆ ತೊಳೆದಿಡೋಣ ಅಂತ ಉಳಿದಿದ್ದನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಪ್ಲಾಸ್ಟರ್ ಗಟ್ಟಿಯಾಗುವುದೇ ನೀರು ಕುಡಿದು ಅಂತ ಪ್ಯಾಕೆಟ್ ಮೇಲೆ ಬರೆದಿತ್ತು. ಓದಿಯೂ ಇದ್ದೆ.

ಪ್ಲಂಬರ್ ಬಂದ. ಸಿಂಕಿನ ಕೆಳಗೆ ತಲೆ ತೂರಿಸಿದ. ಪೈಪನ್ನು ತಟ್ಟಿದ. ಟಕ್ ಟಕ್ ಅಂತ ಗೋಡೆಯ ಸದ್ದು ಬಂತು.

“ಸಾರ್, ಎಲ್ಲರೂ ಹಾಲಿಗೆ ಸೀಲಿಂಗ್ ಹಾಕಿಸ್ತಾರೆ. ನೀವು ಪೈಪಿಗೆ ಹಾಕಿಸಿದ್ದೀರಲ್ಲ.”

ಪೈಪ್ ಕತ್ತರಿಸಿ ತೆಗೆದಾಗ ಒಳಗಿನಿಂದ ಮೊಣಕೈ ಆಕಾರದ ಬಿಳೀ ಅಚ್ಚು ಬಂತು. ಬಲು ನುಣುಪು. ಎಸೆಯೋಕೆ ಮನಸ್ಸಾಗಲಿಲ್ಲ. ಈಗ ಅದು ಎಡಕುಮೇರಿಯಲ್ಲಿ ಬಂಡೆ.

ನೆಲದ ಬಣ್ಣಕ್ಕೆ ಟೀ ಚರಟ ಒಣಗಿಸಿ ಉದುರಿಸಿದರೆ ಥೇಟ್ ಮಲೆನಾಡಿನ ಮಣ್ಣು. ಇದು ಹೊರದೇಶದವರೂ ಮಾಡುವ ಉಪಾಯ. ಆದರೆ ಅವರು ಟೀಗೆ ಸಕ್ಕರೆ ಬಟ್ಟಲಿನಲ್ಲಿ ಹಾಕಿಕೊಳ್ಳುತ್ತಾರೆ, ನಾವು ಪಾತ್ರೆಗೇ ಹಾಕಿ ಕುದಿಸುತ್ತೇವೆ. ಮೂರನೇ ದಿನ ಬೆಳಗ್ಗೆ ನೋಡಿದರೆ ಎಡಕುಮೇರಿಗೆ ಮೊದಲ ರೈಲು ಬಂದಿತ್ತು. ನನ್ನದಲ್ಲ, ಇರುವೆಗಳದ್ದು. ಕಿಟಕಿಯಿಂದ ಹೊರಟು, ಸುರಂಗ ಹೊಕ್ಕು, ಪ್ಲಾಟ್‌ಫಾರಂ ಪಕ್ಕದಲ್ಲೇ ಹಾದು, ಒಂದಕ್ಕೊಂದು ತಾಗದ ಹಾಗೆ ಡಬಲ್ ಲೈನಿನಲ್ಲಿ ಓಡಾಡುತ್ತಿದ್ದವು. ನನ್ನ ಸಕ್ಕರೆ ಇಲ್ಲದ ಟೀಯ ಚರಟ ಮಾತ್ರ ಬಳಸಿದ್ದರೆ ಇದಾಗುತ್ತಿರಲಿಲ್ಲ. ಶುಗರ್ ಕಾಯಿಲೆ ಉಪಯೋಗಕ್ಕೆ ಬರಬಹುದಾದ ಒಂದೇ ಒಂದು ಸಂದರ್ಭವನ್ನೂ ಹಾಳುಮಾಡಿಕೊಂಡೆ.

ಆಮೇಲೆ ಕಾಡು. ಊರಿಲ್ಲದ ಸ್ಟೇಷನ್ ಆರಿಸಿಕೊಂಡ ನನ್ನ ಜಾಣತನ ಇಲ್ಲಿ ಹೊರಬಿತ್ತು. ಊರಾದರೆ ಹತ್ತು ಮನೆ ಕಟ್ಟಿ ಕೈ ತೊಳೆದುಕೊಳ್ಳಬಹುದು. ಪಶ್ಚಿಮ ಘಟ್ಟದಲ್ಲಿ ಹತ್ತು ಮರ ನೆಟ್ಟರೆ ಯಾರಾದರೂ ಅದನ್ನು ಕಾಡು ಅನ್ನುತ್ತಾರಾ? ಹಳೇ ವೈರಿನ ತಾಮ್ರದ ಎಳೆ ಹೊಸೆದು ಕಾಂಡ ಮಾಡಿದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬರ್ ಹರಿದು ಎಲೆ ಮಾಡಿದೆ. ಒಂದು ಮರಕ್ಕೆ ಅರ್ಧ ಗಂಟೆ. ತಿಂಗಳಿಗೆ ನಲವತ್ತು ಮರ. ಅಷ್ಟರಲ್ಲಿ ಮನೆಯಲ್ಲಿ ಸ್ಕ್ರಬರ್ ಖರ್ಚು ನೋಡಿ ಕೆಲಸದವಳು “ಅಕ್ಕ, ನೀವು ಬೇರೆ ಮನೆಗೂ ಪಾತ್ರೆ ತೊಳೆಯೋಕೆ ಹೋಗ್ತೀರಾ?” ಅಂತ ನನ್ನ ಹೆಂಡತಿಯನ್ನು ಕೇಳಿಬಿಟ್ಟಿದ್ದಳು.

ಆಗ ಕಣ್ಣಿಗೆ ಬಿದ್ದಿದ್ದು ಹಿತ್ತಲ ತುಳಸಿ ಕಟ್ಟೆ. ಒಣಗಿದ ತುಳಸಿ ಕಡ್ಡಿ ಹತ್ತಿರದಿಂದ ನೋಡಿ. ಒಂದು ಕಾಂಡ, ಅದರಿಂದ ಎರಡೆರಡು ಕೊಂಬೆ, ಕೊಂಬೆ ತುದಿಯಲ್ಲಿ ಮತ್ತೆ ಸಣ್ಣ ರೆಂಬೆ, ಅದಕ್ಕೆ ಸಾಲಾಗಿ ಒಣ ತೆನೆ. ದೇವರೇ 87ನೇ ಒಂದು ಭಾಗಕ್ಕೆ ಇಳಿಸಿ ಮಾಡಿಟ್ಟ ಮರ. ಗೇಣುದ್ದದ ಕಡ್ಡಿ ಇಲ್ಲಿ ಸುಮಾರು ಅರವತ್ತಡಿ ಮರ. ಮೂರು ಕಡ್ಡಿ ಮುರಿಯುವಷ್ಟರಲ್ಲಿ ಅಮ್ಮ ಬಂದಳು.

ಅಮ್ಮನಿಗೆ ಎಪ್ಪತ್ತೆಂಟು. ಅರ್ಧ ಗಂಟೆ ಮಾತುಕತೆಯ ನಂತರ ಒಪ್ಪಂದ ಆಯಿತು. ಒಣಗಿದ್ದು ಮಾತ್ರ. ಮಂಗಳವಾರ, ಶುಕ್ರವಾರ ಇಲ್ಲ. ಕಿತ್ತ ಮೇಲೆ ಕಾಲು ತಾಗಿಸುವ ಹಾಗಿಲ್ಲ. ಸ್ಟೇಷನ್ನಿನ ಪಾಯಿಖಾನೆ ಹತ್ತಿರ ಒಂದು ಮರವೂ ನೆಡುವ ಹಾಗಿಲ್ಲ. ಪರಿಸರ ಇಲಾಖೆ ಕೂಡ ಇಷ್ಟು ಷರತ್ತು ಹಾಕಲಾರದು.

ಜನರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆನ್‌ಲೈನ್‌ನಲ್ಲಿ ನೂರು ಗೊಂಬೆಯ ಪ್ಯಾಕೆಟ್ ಅಗ್ಗಕ್ಕೆ ಸಿಕ್ಕಿತು. ಬಂದವರೆಲ್ಲ ಕೋಟು, ಹ್ಯಾಟು, ಬ್ರೀಫ್‌ಕೇಸು. ಕಾಡಿನ ಮಧ್ಯೆ ಊರೇ ಇಲ್ಲದ ಸ್ಟೇಷನ್ನಿನಲ್ಲಿ ಇಷ್ಟು ಜನ ಸಾಹೇಬರು ಯಾವ ಆಫೀಸಿಗೆ ಹೊರಟಿದ್ದಾರೆ? ಸೊಂಟದ ಕೆಳಗೆ ಬಿಳಿ ಬಣ್ಣ ಹಚ್ಚಿ ಎಲ್ಲರಿಗೂ ಪಂಚೆ ಉಡಿಸಿದೆ. ಮೇಲೆ ಕೋಟು, ಕೆಳಗೆ ಪಂಚೆ. ಹಳೇ ಕಾಲದ ಮೇಷ್ಟ್ರುಗಳ ಸಮ್ಮೇಳನದ ಹಾಗೆ ಕಾಣುತ್ತೆ, ಪರವಾಗಿಲ್ಲ.

ಸ್ಟೇಷನ್ ಕಟ್ಟಡ ಮಾತ್ರ ನಾನು ಮನಸ್ಸಿಟ್ಟು ಮಾಡಿದ್ದು. ಅದಕ್ಕೆ ತೆಳ್ಳಗಿರಬೇಕು, ಬಾಗಬಾರದು, ಅಂಚು ಚೂಪಾಗಿ ಕತ್ತರಿಸಬೇಕು, ಅಂಥ ರಟ್ಟು ಬೇಕು. ನಮ್ಮ ಮನೆಗಳಲ್ಲಿ ಅಂಥ ರಟ್ಟು ಯಾವುದಿದೆ ಹೇಳಿ? ಲಗ್ನಪತ್ರಿಕೆ. ಈಗಿನ ಲಗ್ನಪತ್ರಿಕೆಗಳು ಬಾಗಿಲಿಗೆ ಹಾಕುವಷ್ಟು ಗಟ್ಟಿ. ಟೀವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಎಂಟು ವರ್ಷದ ಮದುವೆಗಳೆಲ್ಲ ಇದ್ದವು.

ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಹಾಕಿದೆ. ಏಳಡಿ ಬಾಗಿಲು ಅಂದರೆ 24 ಮಿಲಿಮೀಟರ್. ಕಿಟಕಿಗಳನ್ನು ಹೊಸ ಬ್ಲೇಡಿನಲ್ಲಿ ಕೊರೆದೆ. ಮೊದಲು ನಾಲ್ಕು ಮೂಲೆಗೂ ಬ್ಲೇಡಿನ ತುದಿ ಒತ್ತಿ, ಆಮೇಲೆ ಮೂಲೆಯಿಂದ ನಡುವಿಗೆ ಎಳೆಯಬೇಕು. ಇಲ್ಲದಿದ್ದರೆ ಮೂಲೆ ದಾಟಿ ಸೀಳಿಹೋಗುತ್ತೆ. ಇದನ್ನು ಕಲಿಯೋಕೆ ಎರಡು ಮದುವೆ, ಒಂದು ಗೃಹಪ್ರವೇಶ ಖರ್ಚಾದವು. ಕಿಟಕಿಯ ಸರಳಿಗೆ ಪೊರಕೆಯ ಕಡ್ಡಿ. ಹಂಚಿಗೆ ಬಲ್ಬಿನ ಡಬ್ಬದೊಳಗಿನ ಏರಿಳಿತದ ಕಾಗದ, ಅದಕ್ಕೆ ಕೆಮ್ಮಣ್ಣಿನ ಬಣ್ಣ. ಮಲೆನಾಡು ಅಂದ ಮೇಲೆ ಮಂಗಳೂರು ಹಂಚು ಬೇಕೇ ಬೇಕು ಅನ್ನೋದು ನನ್ನ ಹಟ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಅದರ ಹಿಂದೆ ಇದ್ದವನು ಪ್ಲೆಬ್ಸ್ಟ್ ಅನ್ನುವ ಜರ್ಮನ್. ಹಾಗಾಗಿ ನನ್ನ ಜರ್ಮನ್ ಇಂಜಿನ್ನಿಗೂ ಈ ಹಂಚಿಗೂ ಹಳೇ ನೆಂಟಸ್ತಿಕೆ ಇದೆ ಅಂತ ಬಂದವರಿಗೆಲ್ಲ ಹೇಳುತ್ತೇನೆ. ಯಾರೂ ಕೇಳಿರುವುದಿಲ್ಲ, ಆದರೂ.

ಗೋಡೆಗೆ ತೆಳುವಾಗಿ ಹಳದಿ ಬಳಿದೆ. ಪಕ್ಕದಲ್ಲಿ ಪುಟ್ಟ ಪಾಯಿಖಾನೆ ಕಟ್ಟಿದೆ. ಎಲ್ಲ ಮುಗಿದ ವಾರವೇ ಹೆಂಡತಿಯ ಸೋದರಮಾವ ಬಂದರು. ಮೊಮ್ಮಗನ ಉಪನಯನಕ್ಕೆ ಕರೆಯೋಕೆ. ಕಾಫಿ ಬರುವಷ್ಟರಲ್ಲಿ “ಅಳಿಯಂದಿರು ಏನೋ ರೈಲು ಬಿಡ್ತಿದ್ದಾರಂತೆ” ಅಂತ ಮಹಡಿ ಹತ್ತಿದರು. ರೈಲು ನೋಡಿದರು. ಗುಡ್ಡ ನೋಡಿದರು. ಸ್ಟೇಷನ್ ಹತ್ತಿರ ಬಂದವರು ಕನ್ನಡಕ ಏರಿಸಿಕೊಂಡು ಬಗ್ಗಿದರು.

ಚಿನ್ನದ ಅಕ್ಷರ ಅಷ್ಟು ಸುಲಭಕ್ಕೆ ಬಣ್ಣದ ಕೆಳಗೆ ಅಡಗುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಹಗಲಿನ ಬೆಳಕಿನಲ್ಲಿ ಕಾಣಿಸಿರಲಿಲ್ಲ, ಟ್ಯೂಬ್‌ಲೈಟಿಗೆ ಫಳಫಳ ಹೊಳೆಯುತ್ತಿತ್ತು. ಟಿಕೆಟ್ ಕೌಂಟರಿನ ಮೇಲೆ “ಆಶೀರ್ವಾದವೇ ಉಡುಗೊರೆ”. ಮಾವ ಅದನ್ನು ಗಟ್ಟಿಯಾಗಿ ಓದಿದರು. ರೈಲ್ವೆಯವರು ದುಡ್ಡು ತಗೊಳ್ಳಲ್ಲವೇ ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಪಾಯಿಖಾನೆ ಕಡೆ ತಿರುಗಿದರು. ಅದರ ಬಾಗಿಲಿನ ಪಕ್ಕ, ಒಂದೇ ಒಂದು ಅಕ್ಷರವೂ ಮಾಸದೆ, “ತಮ್ಮ ಆಗಮನಾಭಿಲಾಷಿಗಳು” ಅಂತ ಇತ್ತು. ಅದರ ಕೆಳಗೆ ಅವರದೇ ಹೆಸರು.

“ಇದು ನಮ್ಮ ಹುಡುಗಿ ಮದುವೇದು ಅಲ್ವೇ ಅಳಿಯಂದಿರೇ?”

ನಾನು ಏನು ಹೇಳಿದೆ ಅಂತ ನೆನಪಿಲ್ಲ. ಕಾಗದ ತುಂಬಾ ಒಳ್ಳೇ ಗುಣಮಟ್ಟದ್ದು ಅಂದೆನಂತೆ. ಕೆಳಗಿನಿಂದ ಹೆಂಡತಿ “ಮಾವ, ಕಾಫಿ ಆರ್ತಾ ಇದೆ” ಅಂತ ಕೂಗಿದಳು. ಮಾವ ಕಾಫಿ ಕುಡಿದರು. ಎದ್ದರು. ಜೋಳಿಗೆಯಿಂದ ಉಪನಯನದ ಪತ್ರಿಕೆ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಕೊಡುವ ಮುಂಚೆ ಒಂದು ಸಲ ಬೆರಳಲ್ಲಿ ಬಗ್ಗಿಸಿ ನೋಡಿದರು.

“ಇದನ್ನ ಯಾವುದಕ್ಕೆ ಹಾಕ್ತೀರಿ?”

“ಸ್ಟೇಷನ್ ಮಾಸ್ಟರ್ ರೂಮಿಗೆ ಮಾವ” ಅಂದೆ. ಅವರಿಗೆ ಸ್ವಲ್ಪ ಸಮಾಧಾನ ಆದ ಹಾಗೆ ಕಾಣಿಸಿತು.

ಹಳಿಯ ಕೆಳಗೆ ಜಲ್ಲಿ ಹಾಕಬೇಕಲ್ಲ, ಅದಕ್ಕೆ ರವೆ ಜರಡಿಯಲ್ಲಿ ಎಂ-ಸ್ಯಾಂಡ್ ಜರಡಿ ಹಿಡಿದೆ. (ಮರುದಿನದ ಉಪ್ಪಿಟ್ಟಿನ ಬಗ್ಗೆ ನಾನು ಬರೆಯುವುದಿಲ್ಲ.) ಫೆವಿಕಾಲಿಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ತೊಟ್ಟು ಹಾಕಿದರೆ ಅಂಟು ಮುದ್ದೆಯಾಗಿ ನಿಲ್ಲದೆ ಮರಳಿನೊಳಗೆ ಇಳಿಯುತ್ತೆ. ಎಷ್ಟು ಚೆನ್ನಾಗಿ ಇಳಿಯಿತು ಅಂದರೆ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸಿನ ಒಳಗೂ ಇಳಿದು, ಬೆಳಗಾಗುವಷ್ಟರಲ್ಲಿ ಅದು ಕಲ್ಲಾಗಿತ್ತು. ಅಲ್ಲಿಂದ ಇವತ್ತಿನವರೆಗೆ ಎಡಕುಮೇರಿಗೆ ಬರುವ ಎಲ್ಲ ರೈಲೂ ಪಕ್ಕದ ಲೂಪ್ ಲೈನಿಗೇ ಹೋಗುತ್ತೆ. ಮೇನ್ ಲೈನ್ ಖಾಲಿ ಬಿದ್ದಿದೆ, ಹಲ್ಲಿ ಮಲಗುತ್ತೆ.

ಸುರಂಗದ ಬಾಯಿಯನ್ನು ಇಂಜಿನ್ ಅಳತೆ ನೋಡಿ ಕೊರೆದಿದ್ದೆ. ಇಂಜಿನ್ ಸಲೀಸಾಗಿ ಹೊಕ್ಕಿತು. ಬೋಗಿ ಹೊಕ್ಕಲಿಲ್ಲ. ನಿಜವಾದ ಬೋಗಿ 23 ಮೀಟರ್ ಮೇಲಿರುತ್ತೆ, ಇಲ್ಲಿ 27 ಸೆಂಟಿಮೀಟರ್. ಅಂಥ ಉದ್ದದ ಬೋಗಿ ತಿರುವಿನಲ್ಲಿ ಬರುವಾಗ ಗಲ್ಲಿಯಲ್ಲಿ ಏಣಿ ಹೊತ್ತು ತಿರುಗುವವನ ಹಾಗೆ. ಅವನು ದಾಟುತ್ತಾನೆ, ಏಣಿಯ ತುದಿ ಗೋಡೆಗೆ ಹೊಡೆಯುತ್ತೆ. ಬ್ರೆಡ್ ಕುಯ್ಯುವ ಚಾಕುವಿನಲ್ಲಿ ಬಾಯಿ ದೊಡ್ಡದು ಮಾಡಿದೆ. ಈ ಸಲ ಇಡೀ ರೈಲು ಒಳಗೆ ಹೋಯಿತು.

ಹೊರಗೆ ಬರಲಿಲ್ಲ.

ಒಳಗೆ ಎಲ್ಲೋ ಹಳಿ ತಪ್ಪಿತ್ತು. ಕೈ ಹಾಕೋಣ ಅಂದರೆ ಬಾಯಿ ಬಿಟ್ಟು ಬೇರೆ ದಾರಿ ಇಲ್ಲ. ಗುಡ್ಡವನ್ನು ಎಲ್ಲ ಕಡೆಯಿಂದಲೂ ಪ್ಲಾಸ್ಟರ್ ಹಾಕಿ ಮುಚ್ಚಿ, ಮೇಲೆ ಪವಿತ್ರ ಕಾಡನ್ನೂ ನೆಟ್ಟಾಗಿತ್ತು. ಬಾಯಿಯಿಂದಲೇ ಕೈ ತೂರಿಸಿದೆ. ಬೋಗಿ ಬೆರಳಿಗೆ ತಾಗಿತು, ಹಿಡಿದುಕೊಂಡೆ. ಹಿಡಿದ ಮುಷ್ಟಿ ಹೊರಗೆ ಬರಲಿಲ್ಲ. ಬಿಡೋಣ ಅಂದರೆ ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಬಿಡೋಕೆ ಮನಸ್ಸು ಬರಲಿಲ್ಲ. ಹೀಗೆ ಗುಡ್ಡದೊಳಗೆ ಕೈ ಇಟ್ಟುಕೊಂಡು, ಆಫೀಸಿನಿಂದ ಬಂದ ಎರಡು ಫೋನು ಎಡಗೈಯಲ್ಲಿ ಮಾತಾಡಿದೆ. ಹೆಂಡತಿ ಕೊಬ್ಬರಿ ಎಣ್ಣೆ ತಂದಳು. ಅಮ್ಮ ಸುದ್ದಿ ಕೇಳಿ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಮೇಲೆ ಕೂತು, ಉಸಿರು ತೆಗೆದುಕೊಂಡು ಕೇಳಿದಳು.

“ಗೊಂಬೆ ಕೂರಿಸೋವಾಗ ಹಿಂದುಗಡೆ ಕೈ ಹೋಗೋಷ್ಟು ಜಾಗ ಬಿಡ್ತೀವಿ ಅಲ್ವೇನೋ? ಸೀರಿಯಲ್ ಸೆಟ್ಟಿನ ಬಲ್ಬ್ ಹೋದ್ರೆ ಮುಂದಿನಿಂದ ಗೊಂಬೆ ತುಳ್ಕೊಂಡು ಹೋಗ್ತೀಯಾ?”

ಅರವತ್ತು ವರ್ಷದಿಂದ ಪ್ರತಿ ನವರಾತ್ರಿಗೂ ಬೆಟ್ಟ, ಕೆರೆ, ಪಾರ್ಕು, ಹಳ್ಳಿ ಎಲ್ಲ ಮಾಡಿದವಳು ಅದೇ ಮನೆಯ ಕೆಳಗಡೆ ಕೂತಿದ್ದಾಗ, ನಾನು ಮೇಲೆ ಕೂತು ಹ್ಯಾಂಬರ್ಗ್‌ನವರ ವಿಡಿಯೋ ನೋಡುತ್ತಿದ್ದೆ. ಅಲ್ಲಿ ಅವಳಿ ಸಹೋದರರು 2001ರಲ್ಲಿ ಮಿನಿಯೇಚರ್ ವಂಡರ್‌ಲ್ಯಾಂಡ್ ಅಂತ ಶುರು ಮಾಡಿದರು. ಜಗತ್ತಿನಲ್ಲೇ ದೊಡ್ಡ ಮಾದರಿ ರೈಲು. ಅವರ ಗುಡ್ಡದ ಒಳಗೆ ಮನುಷ್ಯರೇ ಹೋಗಿ ರಿಪೇರಿ ಮಾಡುತ್ತಾರೆ. ಅದನ್ನು ಹೇಳಿದೆ. “ನೋಡು, ಅವರಿಗೂ ಗೊತ್ತು” ಅಂದಳು ಅಮ್ಮ.

ಗುಡ್ಡದ ಹಿಂಬದಿ ಚೌಕಾಕಾರಕ್ಕೆ ಕೊಯ್ದು ಬಾಗಿಲು ಮಾಡಿದ ದಿನದಿಂದ ಅಮ್ಮ ದಿನಾ ಮೇಲೆ ಬರತೊಡಗಿದಳು. ಹುಲ್ಲಿನ ಮಾತು ಬಂದಿದ್ದು ಆಗ. ನೈಲಾನ್ ಎಳೆಗಳನ್ನು ವಿದ್ಯುತ್ ಚಾರ್ಜಿನಿಂದ ನೆಟ್ಟಗೆ ನಿಲ್ಲಿಸಿ ಅಂಟಿಸುವ ಯಂತ್ರ ಒಂದಿದೆ, ತರಿಸೋಣ ಅಂತಿದ್ದೀನಿ ಅಂದೆ.

“ಹುಲ್ಲು ನಿಲ್ಲಿಸೋಕೆ ಕರೆಂಟ್ ಬೇಕೇನೋ?”

ಮೈಸೂರಿನ ಗೊಂಬೆ ಮನೆಗಳಲ್ಲಿ ಪಾರ್ಕಿನ ಹುಲ್ಲು ಅಂದರೆ ರಾಗಿ ಪೈರು. ರಾಗಿ ನೆನೆಸಿ, ಒದ್ದೆ ಮಣ್ಣಿನ ಮೇಲೆ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ಮೂರು ನಾಲ್ಕು ದಿನದಲ್ಲಿ ಹಸಿರು ಏಳುತ್ತೆ. ನಾನು ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದ ವಾರ ಅಮ್ಮ ಅದನ್ನೇ ಮಾಡಿದಳು. ಟ್ರೇನಲ್ಲಿ ಅಲ್ಲ, ನೇರ ಎಡಕುಮೇರಿಯಲ್ಲಿ. ನೀರನ್ನು ಚೊಂಬಿನಿಂದ ಚಿಮುಕಿಸಿದಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ.

ವಾಪಸ್ ಬಂದು ನೋಡಿದಾಗ ಸ್ಟೇಷನ್ ಕಾಣಲಿಲ್ಲ. ಐದು ಸೆಂಟಿಮೀಟರ್ ಪೈರು, ನನ್ನ ಲೆಕ್ಕದಲ್ಲಿ ಹದಿನಾಲ್ಕು ಅಡಿ ಹುಲ್ಲು. ಆನೆ ಹಿಂಡು ನಿಂತಿದ್ದರೂ ಗೊತ್ತಾಗುತ್ತಿರಲಿಲ್ಲ. ಪಂಚೆ ಉಟ್ಟ ಮೇಷ್ಟ್ರುಗಳೆಲ್ಲ ಅದರೊಳಗೆ ಕಳೆದುಹೋಗಿದ್ದರು. ಒಬ್ಬರ ಹ್ಯಾಟು ಮಾತ್ರ ಮೇಲೆ ಕಾಣುತ್ತಿತ್ತು. ಕತ್ತರಿಯಲ್ಲಿ ಹುಲ್ಲು ಕಟಾವು ಮಾಡಿದ ಮೇಲೆ ನಿಜವಾದ ಸಮಾಚಾರ ಹೊರಬಿತ್ತು. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ಗೆರೆ? ಪ್ಲೈವುಡ್ ನೀರು ಕುಡಿದು ಅಲ್ಲಿ ಉಬ್ಬಿಕೊಂಡಿತ್ತು. ಪ್ಲಾಟ್‌ಫಾರಂ ಮಧ್ಯೆ ಹಳಿ ದಿಬ್ಬ ಹತ್ತಿ ಇಳಿಯುತ್ತಿತ್ತು. ನಾನು ಆಗದು ಅಂತ ಕಿತ್ತುಹಾಕಿದ್ದ ಘಟ್ಟ ತಾನಾಗಿ ಎದ್ದು ಬಂದಿತ್ತು. ಜರ್ಮನ್ ಇಂಜಿನ್ ಅಲ್ಲಿಗೆ ಬಂದು, ಏದುಸಿರು ಬಿಟ್ಟು ನಿಂತಿತು.

ಸರಿಮಾಡೋಕೆ ಸಮಯ ಇರಲಿಲ್ಲ. ನವರಾತ್ರಿ ಬಂದಿತ್ತು. ಈ ಸಲ ಗೊಂಬೆ ಮಹಡಿಯಲ್ಲೇ, ರೈಲಿನ ಜೊತೆ ಅಂತ ಅಮ್ಮ ತೀರ್ಮಾನ ಮಾಡಿಯಾಗಿತ್ತು. ಪಟ್ಟದ ಗೊಂಬೆಗಳು ಗುಡ್ಡದ ಮೇಲೆ. ಶೆಟ್ಟಿ ಮತ್ತು ಶೆಟ್ಟಮ್ಮ, ಮುಂದೆ ಅಕ್ಕಿ ಬೇಳೆ ಬೆಲ್ಲದ ಅಂಗಡಿ, ನೇರ ಪ್ಲಾಟ್‌ಫಾರಂ ಮೇಲೆ. ಆರಂಗುಲದ ಶೆಟ್ಟಿ ಎಡಕುಮೇರಿಯಲ್ಲಿ ನಲವತ್ತು ಅಡಿ ದಾಟುತ್ತಾನೆ ಅಂತ ನಾನು ಅಮ್ಮನಿಗೆ ಲೆಕ್ಕ ಹಾಕಿ ತೋರಿಸಿದೆ. “ವ್ಯಾಪಾರ ಚೆನ್ನಾಗಿರತ್ತೆ ಬಿಡು” ಅಂದಳು.

ಬೀದಿಯ ಮಕ್ಕಳು “ಗೊಂಬೆ ಕೂರ್ಸಿದ್ದೀರಾ?” ಅಂತ ಬಂದರು. ಕಡ್ಲೆಕಾಳು ಉಸಲಿ ಕೈಯಲ್ಲಿ ಹಿಡಿದು ಹಲಗೆ ಸುತ್ತ ನಿಂತರು. ರೈಲು ಹೊರಟಿತು. ತುಳಸಿ ಕಾಡು ದಾಟಿತು, ಸುರಂಗದೊಳಗೆ ಹೋಯಿತು, ಎಲ್ಲರೂ ಉಸಿರು ಹಿಡಿದರು, ಹೊರಗೆ ಬಂತು. ಉಪ್ಪಿನಕಾಯಿ ಜಾಡಿಗಿಂತ ನೂರು ಪಾಲು ಚೆನ್ನಾಗಿತ್ತು. ಶೆಟ್ಟಿಯ ಮುಂದಿನ ದಿಬ್ಬದಲ್ಲಿ ನಿಂತಿತು. ಅಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ತೋರುಬೆರಳು ಚಾಚಿ ಹಿಂದಿನ ಬೋಗಿಯನ್ನು ಒಂದು ಸಲ ನೂಕಿದಳು. ರೈಲು ದಿಬ್ಬ ದಾಟಿತು.

“ಅಂಕಲ್, ಒಂದೇ ಸುರಂಗಾನಾ?” ಅಂತ ಒಬ್ಬ ಕೇಳಿದ.

ನಿಜವಾಗಿ 57 ಇವೆ, ಜಾಗ ಸಾಲದೆ ಒಂದೇ ಮಾಡಿದ್ದೀನಿ ಅಂದೆ.

“ಹಂಗಾದ್ರೆ ಐವತ್ತೇಳು ರೌಂಡ್ ಬಿಡಿ.”

ಬಿಟ್ಟೆ. ಮಕ್ಕಳು ಕೂಗಿ ಎಣಿಸತೊಡಗಿದರು. ಹತ್ತರವರೆಗೆ ಎಲ್ಲರೂ ಒಟ್ಟಿಗೆ ಇದ್ದರು. ಇಪ್ಪತ್ತರ ಹತ್ತಿರ ಒಬ್ಬ ಉಸಲಿಗೆ ಇನ್ನೊಂದು ಸಲ ಕೆಳಗೆ ಹೋಗಿ ಬಂದ. ಆಮೇಲೆ ಒಬ್ಬಳು 38 ಅಂದಳು, ಇನ್ನೊಬ್ಬ 41 ಅಂದ, ಜಗಳ ಶುರುವಾಯಿತು. ನೀವು ಹೇಳಿ ಅಂಕಲ್ ಅಂತ ನನ್ನ ಕಡೆ ತಿರುಗಿದರು. ನಾನು ಎಣಿಸುತ್ತಲೇ ಇದ್ದೆ. ನನ್ನ ಲೆಕ್ಕ 34 ಇತ್ತು.

“ಎಲ್ಲಾ ತಪ್ಪು” ಅಂದಳು ಅಮ್ಮ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. “ನಾನು ಮೂವತ್ತಾರು ಸಲ ತಳ್ಳಿದೀನಿ.”